ಬ್ರೇಕು ಬರೆದಿಟ್ಟ ಚರಿತ್ರೆ

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ವಲಯದ ಹಿಂದಿನ ಬೀದಿಯಲ್ಲಿ ಒಂದು ಗ್ಯಾರೇಜಿದೆ. ಮುಂದೆ ಹೊಂಗೆ ಮರ, ಒಳಗೆ ಎರಡು ಲಿಫ್ಟು. ಸುತ್ತಮುತ್ತ ಲೇತ್ ಯಂತ್ರಗಳ ಸದ್ದು. ಒಂದು ಭಾನುವಾರ ಬೆಳಗ್ಗೆ ಅಕ್ಕನ ಮಗ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗ, ಆರು ವರ್ಷ ಹಣ ಕೂಡಿಸಿದ್ದಾನೆ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರೊಂದನ್ನು ನೋಡಿಟ್ಟಿದ್ದ. 350 ಅಶ್ವಶಕ್ತಿಯ ಇಂಜಿನ್ನು, ಮೀಟರಿನಲ್ಲಿ ಬರೀ 21,000 ಕಿಲೋಮೀಟರು, ಮೈಮೇಲೆ ಒಂದು ಗೀರೂ ಇಲ್ಲ.

“ಮಾವ, ಒಂದ್ಸಲ ಇಂಜಿನ್ ಸೌಂಡ್ ಕೇಳಿ” ಎಂದು ಅವನು ಕೀಲಿಗೆ ಕೈ ಹಾಕಿದ. ಗ್ಯಾರೇಜಿನ ಮೇಸ್ತ್ರಿ ತಡೆದರು. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಹೊಸೂರಿನ ಮನುಷ್ಯ. “ಸೌಂಡು ಆಮೇಲೆ ಕೇಳೋಣ ತಮ್ಮಾ. ಮೊದ್ಲು ಚಕ್ರ ಬಿಚ್ಚೋಣ. ಗಾಡಿ ಹೆಂಗೆ ಬದುಕಿದೆ ಅಂತ ಬ್ರೇಕು ಹೇಳ್ತದೆ.”

ಮುಂದಿನ ಒಂದು ಗಂಟೆಯಲ್ಲಿ ನಾವು ಕಂಡದ್ದೇ ಈ ಅಧ್ಯಾಯದ ವಿಷಯ. ವೇಗದ ಹಳೆಯ ಕಾರನ್ನು ಕೊಳ್ಳುವವರು ಎಲ್ಲಕ್ಕಿಂತ ಮೊದಲು ಬ್ರೇಕನ್ನು ಓದಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಅದಕ್ಕೆ ಕಾರಣ ಭೌತವಿಜ್ಞಾನದಲ್ಲೇ ಇದೆ.

ಇಂಜಿನ್ನಿಗಿಂತ ಬಲಶಾಲಿ

ಓಡುವ ಕಾರಿನಲ್ಲಿ ಚಲನಶಕ್ತಿ ತುಂಬಿಕೊಂಡಿರುತ್ತದೆ. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಅದರ ಲೆಕ್ಕ ಸಿಗುತ್ತದೆ. 1,500 ಕಿಲೋ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದರೆ ಸುಮಾರು 5.8 ಲಕ್ಷ ಜೂಲ್. ಕಾರು ನಿಲ್ಲಬೇಕಾದರೆ ಇಷ್ಟೂ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಬ್ರೇಕು ಅದನ್ನು ಬಿಸಿಯಾಗಿ ಮಾರ್ಪಡಿಸುತ್ತದೆ. 100ರ ವೇಗದಿಂದ ಒಮ್ಮೆ ನಿಂತರೆ ಹುಟ್ಟುವ ಬಿಸಿಯಲ್ಲಿ ಸುಮಾರು ಎರಡು ಲೀಟರ್ ತಣ್ಣೀರನ್ನು ಕುದಿಸಬಹುದು.

ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. 200ರ ವೇಗದಲ್ಲಿ 23 ಲಕ್ಷ ಜೂಲ್, ಎಂದರೆ ಎಂಟು ಲೀಟರ್ ನೀರು ಕುದಿಯುವಷ್ಟು. ಒಳ್ಳೆಯ ಟೈರು, ಒಣ ರಸ್ತೆ ಇದ್ದರೆ ಆ ವೇಗದಿಂದ ನಿಲ್ಲಲು ಸುಮಾರು 7 ಸೆಕೆಂಡು ಸಾಕು. 23 ಲಕ್ಷ ಜೂಲನ್ನು 7 ಸೆಕೆಂಡಿಗೆ ಹಂಚಿದರೆ ಬರುವುದು 330 ಕಿಲೋವ್ಯಾಟ್, ಸುಮಾರು 440 ಅಶ್ವಶಕ್ತಿ! ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವುದು ಇಂಜಿನ್ನಿನ 350. ಅದಕ್ಕಿಂತ ಹೆಚ್ಚು ಕೆಲಸ ಮಾಡುವ ಬ್ರೇಕಿನ ಅಶ್ವಶಕ್ತಿಯನ್ನು ಯಾರೂ ಅಚ್ಚು ಹಾಕಿಸುವುದಿಲ್ಲ.

ಆ 23 ಲಕ್ಷ ಜೂಲಿನಲ್ಲಿ ಸುಮಾರು ಮುಕ್ಕಾಲು ಪಾಲು ಮುಂದಿನ ಎರಡು ಚಕ್ರಗಳ ಪಾಲಿಗೆ ಬರುತ್ತದೆ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದೇ ಕಾರಣ. ತಲಾ ಹತ್ತು ಕಿಲೋ ತೂಗುವ ಬೀಡುಕಬ್ಬಿಣದ ಎರಡು ಡಿಸ್ಕುಗಳು ಒಂದೇ ನಿಲುಗಡೆಯಲ್ಲಿ ಸುಮಾರು 160 ಡಿಗ್ರಿಯಷ್ಟು ಬಿಸಿ ಏರುತ್ತವೆ. ಆರಲು ಬಿಡುವು ಕೊಡದೆ ಮೂರು ಬಾರಿ ಹೀಗೆ ನಿಲ್ಲಿಸಿದರೆ ಡಿಸ್ಕು 500 ಡಿಗ್ರಿಯ ಹತ್ತಿರ ಬರುತ್ತದೆ.

200ರ ವೇಗಕ್ಕೆ ನಮ್ಮ ಹೆದ್ದಾರಿಯಲ್ಲಿ ಜಾಗವಿಲ್ಲ. ಅದು ರೇಸ್ ಟ್ರ್ಯಾಕಿನ ಮಾತು. ಆದರೆ ಇಂಥ ಕಾರುಗಳಲ್ಲಿ ಕೆಲವು ಟ್ರ್ಯಾಕಿಗೂ ಹೋಗಿ ಬಂದಿರುತ್ತವೆ. ಆಮೇಲೆ ತೊಳೆದು, ಪಾಲಿಶ್ ಮಾಡಿ, ಮಾರಾಟಕ್ಕೆ ನಿಲ್ಲಿಸಿರುತ್ತಾರೆ.

ಹೆಂಚು ಮತ್ತು ಡಿಸ್ಕು

ಮೇಸ್ತ್ರಿ ಮುಂದಿನ ಎಡಚಕ್ರ ಬಿಚ್ಚಿದರು. ಒಳಗೆ ತೂತು ಕೊರೆದ, ಹೊಳೆಯುವ ಡಿಸ್ಕು. ಪ್ಯಾಡುಗಳು ಹೊಚ್ಚ ಹೊಸವು. ಅಳಿಯನ ಮುಖ ಅರಳಿತು. ಮೇಸ್ತ್ರಿ ಮಾತ್ರ ಡಿಸ್ಕಿನ ಹೊರ ಅಂಚನ್ನು ಉಗುರಿನಿಂದ ಸವರಿ ನೋಡಿದರು. ಉಗುರು ಒಂದು ಸಣ್ಣ ಮೆಟ್ಟಿಲಿಗೆ ಸಿಕ್ಕಿಕೊಂಡಿತು. ಪ್ಯಾಡು ಉಜ್ಜುವ ಜಾಗ ಸವೆದು, ಉಜ್ಜದ ಅಂಚು ಹಾಗೇ ಉಳಿದರೆ ಇಂಥ ಲಿಪ್ ಏಳುತ್ತದೆ.

“ವರ್ನಿಯರ್ ಹಾಕಿದ್ರೆ ಈ ಲಿಪ್ಪಿನ ಮೇಲೆ ಕೂತ್ಕೊಂಡು ಸುಳ್ಳು ಹೇಳ್ತದೆ ಸಾರ್” ಎಂದು ಅವರು ಪೆಟ್ಟಿಗೆಯಿಂದ ಮೈಕ್ರೋಮೀಟರ್ ತೆಗೆದರು. ಹೊಸೂರಿನಲ್ಲಿ ಮೈಕ್ರೋಮೀಟರಿಗೆ ಬರವಿಲ್ಲ. 1980ರ ಆಸುಪಾಸಿನಲ್ಲಿ ಟಿವಿಎಸ್ ಮೊಪೆಡ್ಡು, ಅಶೋಕ್ ಲೇಲ್ಯಾಂಡ್ ಲಾರಿಗಳ ಕಾರ್ಖಾನೆಗಳು ಬಂದಾಗಿನಿಂದ ಅವುಗಳಿಗೆ ಬಿಡಿಭಾಗ ಮಾಡಿಕೊಡುವ ನೂರಾರು ಸಣ್ಣ ಘಟಕಗಳು ಇಲ್ಲಿ ಬೆಳೆದಿವೆ. ಹೆಸರಿನಲ್ಲೇ ‘ಹೊಸ ಊರು’ ಎಂಬ ಕನ್ನಡವನ್ನು ಇಟ್ಟುಕೊಂಡಿರುವ ಈ ಪಟ್ಟಣದ ಎರಡು ತಲೆಮಾರು ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಅಳೆದೇ ಅನ್ನ ಉಂಡಿದೆ.

ಡಿಸ್ಕಿನ ನಡುಭಾಗದಲ್ಲಿ ಕನಿಷ್ಠ ದಪ್ಪ ಕೊರೆದಿತ್ತು: 26 ಮಿಲಿಮೀಟರ್. ಹೊಸದಾಗಿದ್ದಾಗ 28. ಮೇಸ್ತ್ರಿ ಸುತ್ತಲೂ ಎಂಟು ಕಡೆ ಅಳೆದು ಸೀಮೆಸುಣ್ಣದಲ್ಲಿ ಬರೆದರು. 26.21ರಿಂದ 26.24ರವರೆಗೆ. ಸವೆಯಲು ಇದ್ದ ಎರಡು ಮಿಲಿಮೀಟರಿನಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಮುಗಿದಿತ್ತು.

ಎರಡು ಮಿಲಿಮೀಟರಿಗೆ ಇಷ್ಟು ಮಹತ್ವ ಏಕೆ? ಅಡುಗೆಮನೆಯ ದೋಸೆ ಹೆಂಚನ್ನು ನೆನಪಿಸಿಕೊಳ್ಳಿ. ದಪ್ಪ ಕಬ್ಬಿಣದ ಹೆಂಚು ನಿಧಾನಕ್ಕೆ ಕಾಯುತ್ತದೆ, ಬೇಕಾದಷ್ಟು ಬಿಸಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ತೆಳು ತಗಡು ಅದೇ ಉರಿಗೆ ಕ್ಷಣದಲ್ಲಿ ಕೆಂಪಾಗುತ್ತದೆ. ಬ್ರೇಕ್ ಡಿಸ್ಕು ಕೂಡ ಬಿಸಿಯನ್ನು ತುಂಬಿಕೊಳ್ಳುವ ಪಾತ್ರೆ. ವೇಗದ ಕಾರಿನ ಡಿಸ್ಕಿನಲ್ಲಿ ಎರಡು ಕಬ್ಬಿಣದ ಬಿಲ್ಲೆಗಳು, ನಡುವೆ ಗಾಳಿ ಆಡಲು ಜಾಗ. 28 ಮಿಲಿಮೀಟರಿನಲ್ಲಿ ನಿಜವಾದ ಕಬ್ಬಿಣ ಇಪ್ಪತ್ತರ ಆಸುಪಾಸು. ಎರಡು ಮಿಲಿಮೀಟರ್ ಹೋಯಿತೆಂದರೆ ಪಾತ್ರೆಯ ಹತ್ತನೇ ಒಂದು ಭಾಗವೇ ಹೋದಂತೆ. ಅಷ್ಟೇ ಬ್ರೇಕಿಗೆ ಡಿಸ್ಕು ಈಗ ಮೊದಲಿಗಿಂತ ಹೆಚ್ಚು ಕಾಯುತ್ತದೆ.

ಬಿಸಿ ಅತಿಯಾದರೆ ಪ್ಯಾಡಿನೊಳಗಿನ ಅಂಟು, ಎಂದರೆ ಫಿನಾಲಿಕ್ ರಾಳ, ವಿಭಜನೆಗೊಂಡು ಅನಿಲ ಬಿಡುತ್ತದೆ. ಪ್ಯಾಡಿಗೂ ಡಿಸ್ಕಿಗೂ ನಡುವೆ ಆ ಅನಿಲದ ಪದರ ನಿಂತು ಘರ್ಷಣೆ ಇಳಿದುಹೋಗುತ್ತದೆ. ಕಾಲಿಗೆ ಪೆಡಲು ಗಟ್ಟಿಯಾಗಿಯೇ ಸಿಗುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಇದನ್ನೇ ಬ್ರೇಕ್ ಫೇಡ್ ಎನ್ನುತ್ತಾರೆ. ಡಿಸ್ಕಿನ ತೂತುಗಳು ಈ ಅನಿಲಕ್ಕೂ ಮಳೆನೀರಿಗೂ ದಾರಿ ಮಾಡಿಕೊಡುತ್ತವೆ. ಆದರೆ ಪದೇ ಪದೇ ಕಾದು ಆರಿದಾಗ ಬಿರುಕು ಮೊದಲು ಹುಟ್ಟುವುದೂ ಆ ತೂತುಗಳ ಅಂಚಿನಲ್ಲೇ.

ಮೇಸ್ತ್ರಿ ಟಾರ್ಚ್ ಹಿಡಿದರು. ತೂತುಗಳಿಂದ ಕೂದಲೆಳೆಯಂಥ ಬಿರುಕುಗಳು ಹೊರಟಿದ್ದವು. ಡಿಸ್ಕಿನ ಮೈಯಲ್ಲಿ ಅಲ್ಲಲ್ಲಿ ನೀಲಿ ಛಾಯೆ ಇತ್ತು. ವಿಪರೀತ ಕಾದ ಕಬ್ಬಿಣದ ಮೇಲೆ ಆಕ್ಸೈಡಿನ ತೆಳುಪದರ ಕಟ್ಟಿ ಮೂಡುವ ಬಣ್ಣ ಅದು. ಪೇಟೆಯೊಳಗಿನ ಓಡಾಟ ಇಂಥ ಗುರುತು ಬಿಡುವುದಿಲ್ಲ.

ಹೊಸ ಪ್ಯಾಡು, ಮುಗಿಯುತ್ತ ಬಂದ ಡಿಸ್ಕು, ನೀಲಿ ಬಣ್ಣ, ಬಿರುಕು, ಮೀಟರಿನಲ್ಲಿ 21,000. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಎರಡೇ ಅರ್ಥ: ಒಂದೋ ಮೀಟರನ್ನು ಹಿಂದಕ್ಕೆ ತಿರುಗಿಸಲಾಗಿದೆ, ಇಲ್ಲವೋ ಕಾರು ಟ್ರ್ಯಾಕಿನಲ್ಲಿ ಬೆಂದಿದೆ. ಕೇಳಿದಾಗ ಮಾರುವವರು ಒಪ್ಪಿಕೊಂಡರು. ಹಿಂದಿನ ಮಾಲೀಕರು ಹಲವು ಸಲ ಟ್ರ್ಯಾಕಿಗೆ ಒಯ್ದಿದ್ದರಂತೆ.

ಆಯಿಲ್ ಅಲ್ಲದ ಆಯಿಲ್

ಪೆಡಲಿಗೆ ಒತ್ತಿದ ಬಲ ಚಕ್ರಕ್ಕೆ ತಲುಪುವುದು ದ್ರವದ ಮೂಲಕ. ಮುಚ್ಚಿದ ದ್ರವದ ಒಂದು ಕಡೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಎಂದು 17ನೇ ಶತಮಾನದಲ್ಲಿ ಬ್ಲೇಸ್ ಪಾಸ್ಕಲ್ ತೋರಿಸಿದ. ಕಾಲು 20 ಕಿಲೋ ಒತ್ತಿದರೆ ಪೆಡಲಿನ ಸನ್ನೆ ಅದನ್ನು 80 ಮಾಡುತ್ತದೆ. 3 ಚದರ ಸೆಂಟಿಮೀಟರಿನ ಮಾಸ್ಟರ್ ಸಿಲಿಂಡರಿನಿಂದ ಪ್ಯಾಡನ್ನು ಡಿಸ್ಕಿಗೆ ಒತ್ತುವ 24 ಚದರ ಸೆಂಟಿಮೀಟರಿನ ಕ್ಯಾಲಿಪರ್ ಪಿಸ್ಟನ್ನಿಗೆ ಹೋಗುವಷ್ಟರಲ್ಲಿ ಅದು 640 ಕಿಲೋ. ಇಂಜಿನ್ನಿನಿಂದ ನಡೆಯುವ ಬೂಸ್ಟರ್ ಇದನ್ನು ಇನ್ನೂ ಹೆಚ್ಚಿಸುತ್ತದೆ.

ನಮ್ಮ ಕಡೆ ಎಲ್ಲರೂ ಈ ದ್ರವಕ್ಕೆ ಬ್ರೇಕ್ ಆಯಿಲ್ ಎನ್ನುತ್ತಾರೆ. ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ರಾಸಾಯನಿಕ. ಎಣ್ಣೆ ನೀರನ್ನು ಹತ್ತಿರ ಸೇರಿಸುವುದಿಲ್ಲ. ಇದು ಗಾಳಿಯ ತೇವವನ್ನು ಹೀರಿ ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಡಾಟ್ 4 ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದಾಗ ಮಾನದಂಡ ಕೇಳುವುದು 155 ಡಿಗ್ರಿಯನ್ನು ಮಾತ್ರ. ಡಾಟ್ 5.1 ದರ್ಜೆಗೆ ಈ ಅಂಕಿಗಳು 260 ಮತ್ತು 180.

ದ್ರವವನ್ನು ಹಿಂಡಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಕುದಿದ ದ್ರವದಲ್ಲಿ ಒಂದಿಷ್ಟು ಆವಿ ಎದ್ದರೆ ಸಾಕು, ಕಾಲಿನ ಬಲವೆಲ್ಲ ಗುಳ್ಳೆ ಹಿಂಡುವುದಕ್ಕೇ ಖರ್ಚಾಗುತ್ತದೆ. ಪೆಡಲು ಮೆತ್ತಗೆ ನೆಲ ಮುಟ್ಟುತ್ತದೆ. ಇದು ಬಹಳ ಸಲ ಓಡುವಾಗಲ್ಲ, ನಿಂತ ಮೇಲೆ ಆಗುತ್ತದೆ. ಓಡುವಾಗ ಗಾಳಿ ಬೀಸಿ ಕ್ಯಾಲಿಪರನ್ನು ತಂಪಿಡುತ್ತಿರುತ್ತದೆ. ಜೋರಾಗಿ ಓಡಿಸಿ ಬಂದು ಕೃಷ್ಣಗಿರಿಯ ಹೋಟೆಲ್ ಮುಂದೆ ನಿಲ್ಲಿಸಿದಿರಿ ಎನ್ನಿ. ಗಾಳಿ ನಿಂತಿತು, ಡಿಸ್ಕಿನ ಬಿಸಿ ಮೆಲ್ಲಗೆ ಕ್ಯಾಲಿಪರಿಗೆ, ಅಲ್ಲಿಂದ ದ್ರವಕ್ಕೆ ಇಳಿಯಿತು. ಕಾಫಿ ಕುಡಿದು ಬಂದು ಗಾಡಿ ತೆಗೆದಾಗ ಪೆಡಲು ಕೈಕೊಡುತ್ತದೆ. ಹಾಗಾಗಿ ವೇಗದ ಓಟದ ಕೊನೆಯ ಒಂದೆರಡು ಕಿಲೋಮೀಟರನ್ನು ನಿಧಾನವಾಗಿ ಓಡಿಸಿ ಬ್ರೇಕು ಆರಲು ಬಿಡುವುದು ಒಳ್ಳೆಯ ಪದ್ಧತಿ.

ಮೇಸ್ತ್ರಿ ಬ್ರೇಕ್ ದ್ರವದ ಡಬ್ಬಿಯ ಮುಚ್ಚಳ ತೆಗೆದು ಪೆನ್ನಿನಂಥ ಪರೀಕ್ಷಕವನ್ನು ಅದ್ದಿದರು. ಕೆಂಪು ದೀಪ ಹತ್ತಿತು. ದ್ರವ ಚಹಾ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಕಾರು ಓಡಲಿ, ನೆಲಮಾಳಿಗೆಯಲ್ಲಿ ಹೊದಿಕೆ ಹೊದ್ದು ನಿಂತಿರಲಿ, ತೇವ ಸೇರುವುದು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಬೇಕು ಎನ್ನುವುದು ಇದಕ್ಕೇ. ಕಡಿಮೆ ಓಡಿದ ಕಾರು ಎಂದರೆ ಬ್ರೇಕು ಹೊಸದು ಎಂದು ತಿಳಿಯುವುದು ದೊಡ್ಡ ತಪ್ಪು. ನಿಂತ ಕಾರಿನಲ್ಲಿ ಕ್ಯಾಲಿಪರಿನ ಪಿನ್ನುಗಳು ಬಿಗಿದುಕೊಳ್ಳುತ್ತವೆ, ಪಿಸ್ಟನ್ನಿಗೆ ತುಕ್ಕು ಹಿಡಿಯುತ್ತದೆ, ಒಂದು ಚಕ್ರ ಸದಾ ಹಿಡಿದುಕೊಂಡೇ ಓಡುತ್ತದೆ.

ಹೊಸೂರಿನಿಂದ ಇಳಿಯುವ ದಾರಿ

ಪರೀಕ್ಷೆಗೆ ಕಾರನ್ನು ಹೆದ್ದಾರಿಗೆ ತೆಗೆದೆವು. ಬೆಂಗಳೂರಿನಿಂದ ಅತ್ತಿಬೆಲೆ ದಾಟಿ ಹೊಸೂರು, ಶೂಲಗಿರಿ, ಕೃಷ್ಣಗಿರಿ ಮಾರ್ಗವಾಗಿ ಸೇಲಂ ಕಡೆಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿ ಇದು. ಹೊಸೂರು ಮೈಸೂರು ಪ್ರಸ್ಥಭೂಮಿಯ ಅಂಚಿನಲ್ಲಿದೆ. ಸುಮಾರು 50 ಕಿಲೋಮೀಟರ್ ಆಚೆಯ ಕೃಷ್ಣಗಿರಿ 350 ಮೀಟರಿಗೂ ಹೆಚ್ಚು ಕೆಳಗಿದೆ. 1,500 ಕಿಲೋ ಕಾರು ಇಷ್ಟು ಇಳಿದರೆ 50 ಲಕ್ಷ ಜೂಲ್ ಬಿಡುಗಡೆಯಾಗುತ್ತದೆ. ಆದರೆ 50 ಕಿಲೋಮೀಟರಿಗೆ ಹರಡಿದಾಗ ಅದು ಅಲ್ಪ. ಟೈರಿನ ಉರುಳು ಘರ್ಷಣೆ, ಎದುರುಗಾಳಿಗಳೇ ಅದನ್ನು ತಿಂದುಬಿಡುತ್ತವೆ, ಬ್ರೇಕಿನವರೆಗೆ ಬರುವುದೇ ಇಲ್ಲ. ಈ ದಾರಿಯಲ್ಲಿ ಕಾರಿನ ಬ್ರೇಕಿಗೆ ಸವಾಲು ಬರುವುದು ಇಳಿಜಾರಿನಿಂದ ಕಡಿಮೆ, ಅಡ್ಡ ಬರುವ ಬದುಕಿನಿಂದ ಹೆಚ್ಚು: ಪಾಳಿ ಮುಗಿಸಿ ರಸ್ತೆ ದಾಟುವ ಕಾರ್ಮಿಕರು, ಮಾವಿನ ಕಾಲದಲ್ಲಿ ಪಕ್ಕದ ದಾರಿಯಿಂದ ನುಗ್ಗುವ ಹಣ್ಣಿನ ಗಾಡಿಗಳು, ಎದುರು ದಿಕ್ಕಿನಲ್ಲೇ ಬರುವ ಬೈಕುಗಳು.

ಇಳಿಜಾರಿನ ನಿಜವಾದ ಪಾಠ ಇನ್ನೂ ದಕ್ಷಿಣಕ್ಕೆ, ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿಯಲ್ಲಿದೆ. ಲಾರಿಗಳು ಹಿಡಿತ ತಪ್ಪಿ ಮುಂದಿನ ವಾಹನಗಳ ಮೇಲೆ ಏರಿದ ಸುದ್ದಿ ಅಲ್ಲಿಂದ ಮತ್ತೆ ಮತ್ತೆ ಬರುತ್ತದೆ. 40 ಟನ್ನಿನ ಲಾರಿ ಪ್ರತಿ 100 ಮೀಟರ್ ಇಳಿದಾಗಲೂ ಸುಮಾರು 4 ಕೋಟಿ ಜೂಲ್ ಹುಟ್ಟುತ್ತದೆ. 130 ಲೀಟರ್ ನೀರು ಕುದಿಯುವಷ್ಟು ಬಿಸಿ ಅದು. ಡ್ರಮ್ ಬ್ರೇಕಿನಲ್ಲಿ ಕಾದ ಡ್ರಮ್ಮು ಹಿಗ್ಗಿ, ಒಳಗಿನಿಂದ ಒತ್ತುವ ಶೂನಿಂದ ದೂರ ಸರಿಯುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ಲಿಗೆ ಹಾಕಿದ್ದರೆ ಇಂಜಿನ್ನಿನ ಹಿಡಿತವೂ ಇರುವುದಿಲ್ಲ. ಎಷ್ಟೇ ದುಬಾರಿ ಕಾರಾಗಲಿ, ಘಾಟಿಯಲ್ಲಿ ಕೆಳ ಗೇರಿನಲ್ಲೇ ಇಳಿಯಬೇಕು.

ಒಂದು ಮಾತು ಮರೆಯಬಾರದು: ಕೊನೆಗೆ ಕಾರನ್ನು ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಹಿಡಿತ. 100ರ ವೇಗದಲ್ಲಿ ಒಣ ರಸ್ತೆಯ ಮೇಲೆ ನಿಲ್ಲಲು ಸುಮಾರು 50 ಮೀಟರ್ ಬೇಕು. ಅಪಾಯ ಕಂಡು ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಕಾರು 28 ಮೀಟರ್ ಸಾಗಿರುತ್ತದೆ. ಡಿಸ್ಕು ಎಷ್ಟೇ ದೊಡ್ಡದಿರಲಿ, ಟೈರು ಗಡುಸಾಗಿದ್ದರೆ ಪ್ರಯೋಜನವಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ನಮ್ಮ ಕಾರಿನ ಟೈರಿಗೆ ಏಳು ವರ್ಷವಾಗಿತ್ತು.

ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವುದು ಎಬಿಎಸ್. 1978ರಲ್ಲಿ ಬಾಷ್ ಕಂಪನಿಯ ವ್ಯವಸ್ಥೆ ಮರ್ಸಿಡಿಸ್ ಎಸ್ ಕ್ಲಾಸಿನಲ್ಲಿ ಬಂತು. ಭಾರತೀಯ ಕಂಪನಿಯ ಬೈಕಿಗೆ ಎಬಿಎಸ್ ಮೊದಲು ಬಂದದ್ದು 2011ರಲ್ಲಿ, ಹೊಸೂರಿನ ಟಿವಿಎಸ್ ಕಂಪನಿಯ ಅಪಾಚೆ ಆರ್‌ಟಿಆರ್ 180ರಲ್ಲಿ. 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಅದು ಕಡ್ಡಾಯವಾದದ್ದು 2018-19ರಲ್ಲಿ. ಹಳೆಯ ವೇಗದ ಬೈಕು ಹುಡುಕುವವರು ಈ ವರ್ಷಗಳನ್ನು ನೆನಪಿಟ್ಟುಕೊಂಡರೆ ಒಳಿತು. ಕೀಲಿ ತಿರುಗಿಸಿದಾಗ ಎಬಿಎಸ್ ದೀಪ ಹತ್ತಿ ಆಮೇಲೆ ಆರಬೇಕು. ಹತ್ತದೇ ಇದ್ದರೆ ದೋಷ ಮುಚ್ಚಲು ದೀಪವನ್ನೇ ತೆಗೆದಿರಬಹುದು.

ಅಳಿಯ 80ರ ವೇಗದಲ್ಲಿ ಮೆಲ್ಲನೆ ಬ್ರೇಕ್ ಒತ್ತಿದ. ಸ್ಟಿಯರಿಂಗ್ ಅವನ ಕೈಯಲ್ಲಿ ಸಣ್ಣಗೆ ನಡುಗಿತು. ಡಿಸ್ಕು ಬಾಗಿದೆ ಎಂದು ಜನ ಹೇಳುವುದು ಇದಕ್ಕೇ. ಬಹಳ ಸಲ ಅದು ಬಾಗಿರುವುದಿಲ್ಲ. ಅತಿ ಬಿಸಿಗೆ ಪ್ಯಾಡಿನ ವಸ್ತು ಒಂದೊಂದು ಕಡೆ ಅಂಟಿ, ದಪ್ಪದಲ್ಲಿ ಏರುಪೇರು ಹುಟ್ಟಿರುತ್ತದೆ. ಮೇಸ್ತ್ರಿ ಸೀಮೆಸುಣ್ಣದಲ್ಲಿ ಬರೆದಿದ್ದ ಅಂಕಿಗಳ ವ್ಯತ್ಯಾಸ 0.03 ಮಿಲಿಮೀಟರ್, ಒಂದು ತಲೆಗೂದಲಿನ ಅರ್ಧದಷ್ಟು. ಅಷ್ಟನ್ನು ಅವನ ಅಂಗೈ ಗುರುತಿಸಿತು.

ಕಾರ್ಬನ್ ಸೆರಾಮಿಕ್ ಎಂಬ ಇನ್ನೊಂದು ಲೋಕ

ಇನ್ನೂ ದುಬಾರಿ ಕಾರುಗಳಲ್ಲಿ ಕಬ್ಬಿಣದ ಬದಲು ಕಾರ್ಬನ್ ಸೆರಾಮಿಕ್ ಡಿಸ್ಕು ಇರುತ್ತದೆ. ಕಾರ್ಬನ್ ನಾರುಗಳನ್ನು ಸಿಲಿಕಾನ್ ಕಾರ್ಬೈಡಿನಲ್ಲಿ ಹೂತ ವಸ್ತು ಅದು. ಪೋರ್ಷೆ ಕಂಪನಿ 2001ರಲ್ಲಿ 911 ಜಿಟಿ2 ಕಾರಿನಲ್ಲಿ ಇದನ್ನು ಕೊಟ್ಟಿತು. ತೂಕ ಕಬ್ಬಿಣದ ಅರ್ಧ, ತುಕ್ಕಿಲ್ಲ, ಸಾವಿರ ಡಿಗ್ರಿಗೂ ಜಗ್ಗುವುದಿಲ್ಲ. ಪೇಟೆಯ ಓಡಾಟದಲ್ಲಿ ಬಹಳ ವರ್ಷ ಬಾಳುತ್ತದೆ. ಟ್ರ್ಯಾಕಿನ ಬಿಸಿಗೆ ಮಾತ್ರ ಒಳಗಿನ ಕಾರ್ಬನ್ ನಿಧಾನಕ್ಕೆ ಸುಟ್ಟುಹೋಗುತ್ತದೆ. ದಪ್ಪ ಅಷ್ಟೇ ಇರುತ್ತದೆ, ತೂಕ ಇಳಿಯುತ್ತದೆ. ಆದ್ದರಿಂದ ಇದರ ಆಯುಸ್ಸನ್ನು ತಕ್ಕಡಿಯಲ್ಲಿ ತೂಗಿ ತಿಳಿಯಬೇಕು. ಕನಿಷ್ಠ ತೂಕ ಡಿಸ್ಕಿನ ಮೇಲೇ ಬರೆದಿರುತ್ತದೆ. ಚಕ್ರ ಬಿಚ್ಚುವಾಗ ರಿಮ್ಮು ತಾಗಿದರೂ ಅಂಚು ಚಕ್ಕೆ ಏಳಬಹುದು. ನಾಲ್ಕೂ ಬದಲಿಸುವ ಖರ್ಚಿನಲ್ಲಿ ಒಂದು ಒಳ್ಳೆಯ ಸಂಸಾರದ ಕಾರೇ ಬರುತ್ತದೆ.

ಕೊಳ್ಳುವ ದಿನ

ನಮ್ಮ ಕಥೆಯ ಕಾರು ಮನೆಗೆ ಬಂತು. ಆದರೆ ಎರಡು ವಾರದ ಮೇಲೆ. ಡಿಸ್ಕು, ಪ್ಯಾಡು, ಟೈರು, ದ್ರವದ ಖರ್ಚನ್ನು ಬೆಲೆಯಲ್ಲಿ ಕಳೆದು, ಇಂಜಿನ್ನನ್ನೂ ಕಂಪ್ಯೂಟರ್ ಹಚ್ಚಿ ನೋಡಿಸಿ, ಹಳೆಯ ಸರ್ವಿಸ್ ದಾಖಲೆಗಳನ್ನು ತರಿಸಿ, ಎಲ್ಲ ಬದಲಿಸಿದ ನಂತರವೇ ಅಳಿಯ ಕೀಲಿ ಈಸಿಕೊಂಡ. ಹೊಸ ಪ್ಯಾಡು ಡಿಸ್ಕಿಗೆ ಒಗ್ಗಲೆಂದು ಮೊದಲ ಕೆಲವು ನೂರು ಕಿಲೋಮೀಟರನ್ನು ಮೇಸ್ತ್ರಿ ಹೇಳಿದಂತೆ ಹದವಾಗಿ ಓಡಿಸಿದ.

ನೀವು ಇಂಥ ಕಾರು ನೋಡಲು ಹೋಗುವಾಗ ಟಾರ್ಚು, ಮೈಕ್ರೋಮೀಟರು, ಅದನ್ನು ಬಳಸಬಲ್ಲ ಮೆಕ್ಯಾನಿಕ್ ಜೊತೆಗಿರಲಿ. ಚಕ್ರ ಬಿಚ್ಚಿಸಿ. ಕನಿಷ್ಠ ದಪ್ಪ ಓದಿ, ನಿಮ್ಮೆದುರೇ ಅಳೆಯಿಸಿ. ಇಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲು ಒತ್ತಿ, ಒತ್ತಿ ಹಿಡಿದೇ ಇಂಜಿನ್ ಚಾಲೂ ಮಾಡಿ. ಪೆಡಲು ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಸರಿಯಿದೆ. ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಮೆಲ್ಲಗೆ ಮುಳುಗುತ್ತ ಹೋದರೆ ಒಳಗೆಲ್ಲೋ ಸೋರಿಕೆ ಇದೆ. ಹತ್ತು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ಚಕ್ರಗಳ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಹೋಲಿಸಿ. ಮುಂದಿನ ಎರಡರಲ್ಲಿ ಒಂದು ಬಹಳ ಬಿಸಿಯಾಗಿದ್ದರೆ ಆ ಕ್ಯಾಲಿಪರ್ ಹಿಡಿದುಕೊಂಡಿದೆ. ಚಕ್ರ ಬಿಚ್ಚಲು ಮಾರುವವರು ಒಪ್ಪದಿದ್ದರೆ ಆ ಕಾರನ್ನು ಅಲ್ಲೇ ಬಿಟ್ಟು ಬನ್ನಿ.

ವೇಗದ ಕಾರಿನ ಆಸೆ ತಪ್ಪಲ್ಲ. ಆದರೆ ಆ ವೇಗವನ್ನು ನಿಲ್ಲಿಸುವ ಹೊಣೆ ಹೊತ್ತವು ನಾಲ್ಕು ಲೋಹದ ಬಿಲ್ಲೆಗಳು ಮತ್ತು ಒಂದು ಲೀಟರಿನಷ್ಟು ದ್ರವ. ರಸ್ತೆ ದಾಟುತ್ತಿರುವ ಪರಸ್ಥರ ಜೀವವೂ ಅವುಗಳ ಮೇಲೆ ನಿಂತಿದೆ. ಮೊದಲ ಹಣ ಅವುಗಳಿಗೆ ಖರ್ಚಾಗಲಿ.